ಬದಲಿ ಆಳು

ಹುಬ್ಬಿ ಮಳೆ ಹಿಡಿದು ಬಿಟ್ಟು ಎರಡು ದಿನವಾಗಿತ್ತು. ಕರ್ಜಗಿಯಿಂದ ಒಳಗೆ ಹಳ್ಳ ದಾಟಿದರೆ ಸಿಗುವ ಎರೆಹೊಲಗಳಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುವಷ್ಟು ಹಸಿ ಇತ್ತು. ಮಂಗಳವ್ವನ ಬೆಂಡಿಕಾಯಿ ಹೊಲದಲ್ಲಿ ಸಂಜೆಯ ಕೆಲಸ ನಡೆದಿತ್ತು. ಆರು ಮಂದಿ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದಿದ್ದರು. ನಾಳೆ ಅರಳಲಿರುವ ಮೊಗ್ಗನ್ನು ಗುರುತಿಸಿ, ಉಗುರಿನಿಂದ ಸುತ್ತ ಸೀಳಿ, ಒಳಗಿನ ಗಂಡು ಭಾಗ ಕಿತ್ತು, ಉಳಿದ ಹೆಣ್ಣು ತುದಿಗೆ ಕೆಂಪು ಕಾಗದದ ಟೋಪಿ ತೊಡಿಸಬೇಕು. ಮರುದಿನ ಬಿಸಿಲೇರುವುದರೊಳಗೆ ಗಂಡು ಸಾಲಿನ ಹೂ ತಂದು ಆ ತುದಿಗೆ ಮುಟ್ಟಿಸಿ ದಾರ ಕಟ್ಟಬೇಕು. ಬೀಜದ ಬೆಳೆಯ ಈ ಕೆಲಸಕ್ಕೆ ಊರವರು ಕ್ರಾಸಿಂಗ್ ಎನ್ನುತ್ತಾರೆ. ಸಂಜೆ ಟೋಪಿ ತೊಡಿಸಿದ ಹೂವಿಗೆ ಮುಂಜಾನೆ ಕೈ ಸಿಗಲಿಲ್ಲ ಅಂದರೆ ಅದು ಬಾಡಿ ಉದುರುತ್ತದೆ. ಅದಕ್ಕೆ ಹಬ್ಬವಿಲ್ಲ, ಜಡ್ಡಿಲ್ಲ, ಸತ್ತವರ ಮನೆಯೂ ಇಲ್ಲ.

ಹೆಂಗಸರೆಲ್ಲ ಮುಯ್ಯಾಳುಗಳು. ಕೂಲಿ ಕೊಡುವವರೂ ಇಲ್ಲ, ಇಸಕೊಳ್ಳುವವರೂ ಇಲ್ಲ. ಇವಳ ಹೊಲಕ್ಕೆ ಅವಳು, ಅವಳ ಹೊಲಕ್ಕೆ ಇವಳು. ಮಂಗಳವ್ವನದು ಮೊದಲು ಬಿತ್ತಿದ ಹೊಲ. ಬೀದಿಯ ಆಚೆ ಮನೆಯ ದೌಲತಬಿ ತನ್ನ ಐದು ಗುಂಟೆಯನ್ನು ತಿಂಗಳು ತಡೆದು ಬಿತ್ತಿದ್ದಳು, ಕೈಗಳು ತಿರುಗಿ ಸಿಗಲಿ ಎಂದೇ. ದೌಲತಬಿಯ ಮಗ ನಯಾಜ ದಿನಾ ಮುಂಜಾನೆ ತನ್ನ ಮೂರು ಗಾಲಿಯ ಟಂಟಂನಲ್ಲಿ ಎಲ್ಲರನ್ನೂ ಹೊಲಕ್ಕೆ ತಂದು ಬಿಡುತ್ತಿದ್ದ, ಸಂಜೆ ಒಯ್ಯುತ್ತಿದ್ದ.

ಬದುವಿನ ಮೇಲೆ ಬೈಕು ನಿಲ್ಲಿಸಿ ಮನೋಹರ ಕೂಗಿದ. ಅವನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಪರವಾಗಿ ಸುತ್ತಲಿನ ಹಳ್ಳಿಗಳ ಹೊಲ ನೋಡಿಕೊಳ್ಳುವವನು. ಪ್ರತಿ ಸಂಜೆ ಬಂದು ಕೇಳುವುದು ಒಂದೇ ಮಾತು.

"ನಾಳೆ ಮುಂಜಾನೆ ಕೈ ಎಷ್ಟು ಕಮ್ಮಿರಿ, ಅಕ್ಕಾರ?"

"ನಾಕು," ಅಂದಳು ಮಂಗಳವ್ವ, ಮೊಗ್ಗಿನಿಂದ ಕಣ್ಣು ಎತ್ತದೆ.

"ನಾಕು? ಯಾರ್ಯಾರು?"

"ನಾನು, ದೌಲತವ್ವ, ಪುಷ್ಪಾವತಿ, ಅಕಿ ಅತ್ತಿ."

"ಎಲ್ಲಾರೂ ಕೂಡೇ ಜಡ್ಡು ಬೀಳೂದು ಅಂತ ಠರಾವ ಮಾಡೀರೇನು?"

"ಹಾವೇರಿಗೆ ಹೋಗೂದೈತಿ, ಕಚೇರಿ ಕೆಲಸ. ಹೂ ಮುಟ್ಟಿಸೂರು ಇಬ್ಬರು ಬೇಕು, ದಾರ ಕಟ್ಟೂರು ಇಬ್ಬರು. ಹೊಸ ಹುಡುಗ್ಯಾರನ್ನ ಕಳಿಸಬ್ಯಾಡ, ಹ್ವಾದ ಸರ್ತಿ ಅರ್ಧ ಹೂ ಮುರದು ಹೋದ್ವು."

ಮನೋಹರ ಬದಿಗೆ ಸರಿದು ಫೋನು ಹಚ್ಚಿದ. ಪಕ್ಕದ ಊರಿನ ಯಾರೋ ಬೀಜದ ಪ್ಲಾಟಿನವರ ಹತ್ತಿರ ನಾಲ್ಕು ಕೈ ಕೇಳಿ, ಯಾರ ಬದಲಿಗೆ ಯಾರು ಎಂದು ಹೊಂದಿಸಿ, "ಆತು, ಬರ್ತಾರ" ಎಂದು ಹೇಳಿ ಹೋದ.

ಹಾವೇರಿಯ ಕೆಲಸ ಅಂದರೆ ನಯಾಜನ ಗಡಿಪಾರಿನ ವಿಚಾರಣೆ. ನಯಾಜ ವಾರಕ್ಕೆ ಎರಡು ದಿನ ಸಂತೆಯಲ್ಲಿ ಬಳ್ಳೊಳ್ಳಿ ಮಾರುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಸಂತೆಯಲ್ಲಿ ಹೆಗಲಿಗೆ ಶಾಲು ಹಾಕಿಕೊಂಡ ಹುಡುಗರು ಬಂದು, ಮುಸ್ಲಿಮರ ಚೀಲಗಳನ್ನಷ್ಟೇ ಆರಿಸಿ ಆರಿಸಿ ಎತ್ತಿಸಿದರು. ಗಾಳಿ ಹಾಗಿತ್ತು, ಯಾರು ಎಲ್ಲಿ ಕೂತು ಏನು ಮಾರಬೇಕು ಎಂಬುದನ್ನು ಹೇಳಲು ಹೊಸ ಮಂದಿ ಹುಟ್ಟಿಕೊಂಡಿದ್ದರು, ಕೇಳಬೇಕಾದವರು ಬೇರೆ ಕಡೆ ನೋಡುತ್ತಿದ್ದರು. ಹಾವೇರಿಯಲ್ಲಿ ವಕೀಲೆ ಹುಮಾ ನಡೆಸುವ ನಾಗರಿಕ ಹಕ್ಕಿನ ವೇದಿಕೆಯವರು ನಯಾಜನ ಹೆಸರಿನಲ್ಲಿ ಕೋರ್ಟಿಗೆ ಹೋದರು. ವೇದಿಕೆ ಆ ಹೊತ್ತಿಗೆ ಸಭೆಗೆ ಹಾಲ್ ಕೊಡದ ಬಗೆಗಿನ ದಾವೆಯೊಂದನ್ನು ಸೋತಿತ್ತು, ಮೆರವಣಿಗೆಯ ದಾವೆಯೊಂದನ್ನೂ ಸೋತಿತ್ತು. ಈ ಸಂತೆಯ ದಾವೆಯನ್ನು ಮಾತ್ರ ಗೆದ್ದಿತು. ನಯಾಜ ಮತ್ತೆ ಸಂತೆಯಲ್ಲಿ ಕೂತ. ಅದಾದ ಮೇಲೆ ಪೊಲೀಸರಿಗೆ ಅವನ ಹಳೆಯ ಪ್ರಕರಣಗಳು ನೆನಪಾದವು: ಕ್ರಿಕೆಟ್ಟಿನ ಜಗಳ ಒಂದು, ಪರವಾನಗಿ ಇಲ್ಲದ ಮೆರವಣಿಗೆ ಒಂದು, ಯಾರೋ ಕಳಿಸಿದ ಮೆಸೇಜನ್ನು ಮುಂದೆ ಕಳಿಸಿದ್ದು ಒಂದು. ಈ ವರ್ಷ ನೋಟಿಸು ಬಂತು. ಇವನು ಅಪಾಯಕಾರಿ, ಊರಿನ ಹೆಣ್ಣುಮಕ್ಕಳು ಇವನಿಂದಾಗಿ ಒಬ್ಬರೇ ಅಡ್ಡಾಡಲು ಹೆದರುತ್ತಾರೆ, ಹೆದರಿಕೆಯಿಂದ ಸಾಕ್ಷಿ ಹೇಳಲು ಯಾರೂ ಮುಂದೆ ಬರುತ್ತಿಲ್ಲ, ಆದ್ದರಿಂದ ಇವನನ್ನು ಜಿಲ್ಲೆಯಿಂದ ಒಂದು ವರ್ಷ ಹೊರಗೆ ಹಾಕಬೇಕು.

ಹಾಗೆಂದು ಗುಟ್ಟಾಗಿ ಹೇಳಿದವರು ಯಾರು ಎಂಬುದು ನೋಟಿಸಿನಲ್ಲಿ ಇರಲಿಲ್ಲ. ಅಲ್ಲಿಂದ ಊರಿನಲ್ಲಿ ಒಬ್ಬರು ಒಬ್ಬರನ್ನು ನೋಡುವ ರೀತಿಯೇ ಬದಲಾಯಿತು. ನಳದ ಹತ್ತಿರ ಕೊಡ ಇಟ್ಟವರು ದೌಲತಬಿ ಬಂದರೆ ಮಾತು ನಿಲ್ಲಿಸುತ್ತಿದ್ದರು. ಮಾತು ನಿಲ್ಲಿಸಿದವರನ್ನೆಲ್ಲ ದೌಲತಬಿ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

ಹುಮಾ ಹೇಳಿದ್ದು ಸರಳ. "ಹೆಣ್ಣುಮಕ್ಕಳು ಮುಂದ ಬರಂಗಿಲ್ಲ ಅಂತ ಅವರು ಬರದಾರ. ಹಿಂದೂ ಹೆಣ್ಣುಮಕ್ಕಳು ಮೂರ್ನಾಕು ಮಂದಿ ಬಂದು ವಿಚಾರಣಿ ಮಾಡೂ ಸಾಹೇಬ್ರ ಮುಂದ ನಿಂತ್ರ ಮುಗೀತು. ನಿಂದ್ರೂದ ಉತ್ತರ. ಬರ್ತೀರೇನು?"

ಮಂಗಳವ್ವ ಬರುತ್ತೇನೆ ಅಂದಿದ್ದಳು. ಮುಂಜಾನೆ ಕತ್ತಲಲ್ಲಿ ಯಾರ ಟಂಟಂ ಹತ್ತಿ ಹೊಲಕ್ಕೆ ಬರುತ್ತಾಳೋ ಅವನಿಗೇ ಹೆದರುತ್ತಾಳೆ ಎಂದು ಬರೆದದ್ದು ಅವಳಿಗೆ ತನ್ನನ್ನೇ ಸುಳ್ಳುಬುರುಕಿ ಅಂದಂತೆ ಕಂಡಿತ್ತು.

ಆ ಸಂಜೆ ಹೊಲದಿಂದ ಬಂದು ಒಲೆ ಹಚ್ಚುವಷ್ಟರಲ್ಲಿ ಬೀಟಿನ ಪೊಲೀಸಪ್ಪ ಬಂದ. ಮಂಗಳವ್ವನ ಗಂಡ ಮೈಲಾರೆಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಪೊಲೀಸಪ್ಪ ನೀರು ಕೇಳಿ ಕುಡಿದ, ಮಳೆಯ ಬಗ್ಗೆ ಮಾತಾಡಿದ, ಚೊಂಬು ಕೆಳಗಿಟ್ಟು ಅಂದ:

"ನಾಳೆ ಹಾವೇರಿಗೆ ಹೊಂಟೀರಂತಲ್ಲ, ಅವ್ವಾರ. ನೀವು, ಪುಷ್ಪಾವತಿ, ಅಕಿ ಅತ್ತಿ."

ಮಂಗಳವ್ವನ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಹಾಗೇ ನಿಂತಿತು. ಈ ಮಾತು ಅವಳು ಗಂಡನಿಗೂ ಹೇಳಿರಲಿಲ್ಲ.

"ಕೋರ್ಟು ಕಚೇರಿ ನಿಮ್ಮಂಥವರಿಗೆ ಅಲ್ಲ ನೋಡ್ರಿ. ಒಮ್ಮೆ ಹೆಸರು ಹತ್ತಿತು ಅಂದ್ರ ಕರದಾಗೆಲ್ಲ ಬರಬೇಕಾಕ್ಕೈತಿ. ನಾ ಏನ್ ಬ್ಯಾಡ ಅನ್ನಾಕ ಬಂದಿಲ್ಲ."

ಅವನು ಹೋದ ಮೇಲೆ ಮೈಲಾರೆಪ್ಪ ಹಗ್ಗದಿಂದ ಮುಖ ಎತ್ತಿದ. "ಪೊಲೀಸರಿಗೆ ಹೇಳಿ ಹೋಗ್ತಿ, ಗಂಡಗ ಹೇಳಂಗಿಲ್ಲ. ಭಾರೀ ಆತು."

"ನಾ ಯಾರಿಗೂ ಹೇಳಿಲ್ಲ."

"ಹಂಗಾರ ಆ ವೇದಿಕಿಯವರ ಪೈಕಿ ಯಾವನೋ ಹೇಳ್ಯಾನ. ಅವರು ಯಾರು, ಅವರ ಹೊಟ್ಟಿ ಹೆಂಗ ತುಂಬತೈತಿ, ಪುಕ್ಕಟ ಯಾಕ ಬಡದಾಡ್ತಾರ, ಕೇಳಿಯೇನು ಒಮ್ಮೆರ?"

ಪುಷ್ಪಾವತಿಯ ಅತ್ತೆ ಮುಂಜಾನೆ ಬರಲಿಲ್ಲ. ಸೊಂಟ ಹಿಡಿದಿದೆ ಎಂದು ಹೇಳಿ ಕಳಿಸಿದಳು. ಬಸ್ಸಿನಲ್ಲಿ ಮಂಗಳವ್ವ, ದೌಲತಬಿ, ಪುಷ್ಪಾವತಿ ಮೂವರೇ, ಒಬ್ಬರ ಮಗ್ಗುಲಲ್ಲಿ ಒಬ್ಬರು ಕೂತು ಹಾವೇರಿಗೆ ಹೋದರು. ಅಲ್ಲಿ ನೋಡಿದರೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು, ವಿಚಾರಣೆ ಮುಂದಕ್ಕೆ ಹೋಗಿತ್ತು.

ಜೆರಾಕ್ಸ್ ಅಂಗಡಿಯ ಮೇಲಿನ ಹುಮಾಳ ಕೋಣೆಯಲ್ಲಿ ಕೂತರು. ಚಹಾ ತಂದವನು ಮುನಾಫ. ರಾಣೆಬೆನ್ನೂರಿನಲ್ಲಿ ಆಟೋ ಓಡಿಸುವವನು. ಒಮ್ಮೆ ಫೋನಿನ ಸ್ಟೇಟಸ್ಸಿಗಾಗಿ ಅವನನ್ನು ಒಳಗೆ ಹಾಕಿದಾಗ ವೇದಿಕೆ ಬಿಡಿಸಿ ತಂದಿತ್ತು. ಅಂದಿನಿಂದ ವಿಚಾರಣೆಯ ದಿನಗಳಲ್ಲಿ ಆಟೋ ಬಿಟ್ಟು ಬಂದು, ಸಾಕ್ಷಿಗಳಿಗೆ ಫೋನು ಹಚ್ಚುವುದು, ಬಸ್ಸ್ಟ್ಯಾಂಡಿನಿಂದ ಕರೆತರುವುದು, ಎಲ್ಲ ಅವನದೇ ಓಡಾಟ. ಚುರುಕು ಮಾತಿನವನು.

"ಚಾ ತಗೋರಿ ಅವ್ವಾರ. ಸಕ್ರಿ ಜಾಸ್ತಿ ಹಾಕಿಸೇನಿ, ಸಾಹೇಬ್ರು ಕಹಿ ಮಾಡಿದ್ದು ಹೋಗಲಿ."

ಹುಮಾ ನಗಲಿಲ್ಲ. "ಮಂಗಳವ್ವಾರ, ಹೆಸರು ಹೇಳಿ ಕೇಳಿದ್ರಾ ಆ ಪೊಲೀಸರು? ಮೂರೂ ಹೆಸರು?"

"ಮೂರೂ."

"ಮೂರು ಹೆಸರು ಈ ಕೋಣಿ ಬಿಟ್ಟು ಹೊರಗ ಎಲ್ಲೂ ಬರದಿಲ್ಲ ನಾನು." ಹುಮಾ ಕೋಣೆಯನ್ನೊಮ್ಮೆ ನೋಡಿದಳು. ಕೋಣೆಯಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿದರು. ಚಹಾದ ಕಪ್ಪು ಹಿಡಿದವರು ಹಿಡಿದುಕೊಂಡೇ ಕೂತರು.

ಎರಡನೆಯ ವಿಚಾರಣೆಗೆ ಮುನಾಫನೇ ಫೋನು ಮಾಡಿದ. "ನಾಡದು ಐತಿ. ಯಾರಿಗೂ ಹೇಳಬ್ಯಾಡ್ರಿ, ಗ್ವಾಡಿಗೂ ಹೇಳಬ್ಯಾಡ್ರಿ." ಮಂಗಳವ್ವ ಯಾರಿಗೂ ಹೇಳಲಿಲ್ಲ. ಪುಷ್ಪಾವತಿಗೆ ಕೂಡ ಹೊಲದಲ್ಲಿ, ಕಿವಿಯಲ್ಲಿ ಹೇಳಿದಳು. ಮರುದಿನ ಸಂಜೆ ಮನೋಹರ ಬಂದು ಕೈ ಕೇಳಿದ. ಮೂರು ಬೇಕು ಅಂದಳು, ಹೆಸರು ಹೇಳಿದಳು. ಅವನು ಫೋನು ಹಚ್ಚಿ ಹೊಂದಿಸಿ ಹೋದ. ರೊಟ್ಟಿ ಬಡಿಯುವ ಹೊತ್ತಿಗೆ ಪೊಲೀಸಪ್ಪ ಈ ಸಲ ಅವಳ ಮನೆಗೆ ಬರಲಿಲ್ಲ, ಪುಷ್ಪಾವತಿಯ ಮನೆಗೆ ಹೋದ. ಪುಷ್ಪಾವತಿಯ ಗಂಡ ಹೋಮ್‌ಗಾರ್ಡಿಗೆ ಅರ್ಜಿ ಹಾಕಿದ್ದ.

"ವೆರಿಫಿಕೇಶನ್ ನಮ್ಮ ಹಂತ್ಯಾಕ ಬರತೈತಿ ತಮ್ಮಾ," ಅಂದನಂತೆ ಪೊಲೀಸಪ್ಪ. "ನಾಳೆ ಹೆಂಡ್ತಿನ್ನ ಹಾವೇರಿಗೆ ಕಳಸೂದು ಬಿಡೂದು ನಿನಗ ಬಿಟ್ಟಿದ್ದು."

ಪುಷ್ಪಾವತಿ ಬರಲಿಲ್ಲ. ದೌಲತಬಿಯ ಜೊತೆ ಮಂಗಳವ್ವ ಒಬ್ಬಳೇ ಹೋಗಿ ನಿಂತಳು. ಸರಕಾರದ ಕಡೆಯವರು ಮತ್ತೆ ಸಮಯ ಕೇಳಿದರು.

ಅದೇ ವಾರ ಮಂಗಳವ್ವ ಔಷಧಿ ತರಲು ರಾಣೆಬೆನ್ನೂರಿಗೆ ಹೋಗಿದ್ದಳು. ರೈಲು ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮುನಾಫ ಕಂಡ. ಅವನ ಎದುರಿಗೆ ಪೊಲೀಸನೊಬ್ಬ. ಇಬ್ಬರ ಕೈಯಲ್ಲೂ ಚಹಾ. ಪೊಲೀಸ ಏನೋ ಅಂದ. ಮುನಾಫ ತಲೆ ಹಿಂದಕ್ಕೆ ಒಗೆದು ನಕ್ಕ. ಮಂಗಳವ್ವ ಔಷಧಿಯ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಂಬದ ಮರೆಗೆ ನಿಂತು ಪೂರ್ತಿ ನೋಡಿದಳು. ಅವಳ ಎದೆಯಲ್ಲಿ ಇಷ್ಟು ದಿನ ಎಲ್ಲೆಲ್ಲೋ ಅಲೆಯುತ್ತಿದ್ದ ಸಂಶಯಕ್ಕೆ ಕೂರಲು ಒಂದು ಜಾಗ ಸಿಕ್ಕಂತಾಯಿತು. ಅದರಿಂದ ಒಂದು ನಮೂನಿ ಸಮಾಧಾನವೂ ಆಯಿತು. ಊರಿನವರಲ್ಲ, ಪುಷ್ಪಾವತಿಯಲ್ಲ, ದೌಲತಬಿಯ ಬಂಧುಗಳಲ್ಲ. ರಾಣೆಬೆನ್ನೂರಿನವನು. ದೂರದವನು.

ಅಲ್ಲಿಂದ ಸೀದಾ ಹಾವೇರಿಯ ಬಸ್ಸು ಹತ್ತಿದಳು.

"ವಕೀಲರ, ನಾ ಕಣ್ಣಾರೆ ನೋಡೇನಿ. ನಕ್ಕೋತ ಚಾ ಕುಡ್ಯಾಕತ್ತಿದ್ದ ಪೊಲೀಸರ ಜೋಡಿ. ಫೋನ್ ಹಚ್ಚಾಂವ ಅಂವ, ಯಾರು ಬರ್ತಾರ ಅನ್ನೂದು ಗೊತ್ತಿರಾಂವ ಅಂವ. ಮತ್ತ್ಯಾರು?"

ಹುಮಾ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು. ಸೋತ ಮೆರವಣಿಗೆಯ ದಾವೆಯಲ್ಲಿ ಅವಳ ಇಬ್ಬರು ಸಾಕ್ಷಿಗಳು ಕೊನೆಯ ದಿನ ಮಾತು ತಿರುಗಿಸಿದ್ದರು. ಅಂದಿನಿಂದ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದರೆ ಅವಳು ಫೈಲು ಮುಚ್ಚುತ್ತಿದ್ದಳು. "ಅವನ್ನ ನಾನು ಬಿಡಿಸಿ ತಂದೇನಿ," ಅಂದಳು ಕಡೆಗೆ. "ಹೆಂಗ ಬಿಟ್ರು ಅಷ್ಟ್ ಲಗೂ ಅಂತ ನನಗೂ ಒಮ್ಮೊಮ್ಮೆ ಅನಿಸಿತ್ತು."

ಮರುದಿನ ಮುನಾಫನನ್ನು ಕರೆಸಿದರು. ಮಂಗಳವ್ವನೂ, ನಯಾಜನೂ, ದೌಲತಬಿಯೂ ಇದ್ದರು. ಹುಮಾ ಮೆತ್ತಗೆ ಕೇಳಿದಳು, ಆದರೆ ಕೇಳಿದ್ದು ಕೇಳಿದ್ದೇ. ಮುನಾಫನ ಮುಖದ ಮೇಲಿನ ನಗು ತಕ್ಷಣಕ್ಕೆ ಹೋಗಲಿಲ್ಲ. ಚೇಷ್ಟೆ ಇರಬೇಕು ಎಂದುಕೊಂಡವನಂತೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಸ್ಟೇಶನ್ ಮುಂದ ಆಟೋ ಹಚ್ಚೂರು ನಾವು," ಅಂದ. "ಪೊಲೀಸ್ ಚಾ ಕುಡಿ ಬಾ ಅಂದ್ರ ಒಲ್ಲೆ ಅನ್ನಾಕ ಆಗತೈತೇನು? ಮರುದಿನಾ ಗಾಡಿ ಎಲ್ಲಿ ಹಚ್ಚಲಿ?"

ಅವನು ನಯಾಜನ ಕಡೆ ತಿರುಗಿದ.

"ನಯಾಜ, ನೀನೂ?"

ನಯಾಜ ನೆಲ ನೋಡಿದ. ಮುನಾಫ ಮಂಗಳವ್ವನ ಕಡೆ ತಿರುಗಲಿಲ್ಲ. ಮೆಟ್ಟಿಲು ಇಳಿದು ಹೋದ.

ಮುಂದಿನ ತಾರೀಖನ್ನು ಹುಮಾ ತಾನೇ ಫೋನು ಮಾಡಿ ಹೇಳಿದಳು. "ಇದ ಕಡೀದು. ಈ ಸರ್ತಿ ಹೆಣ್ಣುಮಕ್ಕಳು ನಿಂದರಲಿಲ್ಲ ಅಂದ್ರ ಆರ್ಡರ್ ಆಕ್ಕೈತಿ. ಆಮ್ಯಾಲೆ ಧಾರವಾಡ ಹೈಕೋರ್ಟಿಗೆ ಹೋಗಬೇಕು. ಅದು ಮುಗಿಯೂತನಕ ಹುಡುಗ ಹೊರಗ." ಅಂದರೆ ನಯಾಜ ಯಾವುದೋ ಪರಜಿಲ್ಲೆಯಲ್ಲಿ, ಅವನ ಟಂಟಂ ಅಂಗಳದಲ್ಲಿ, ದೌಲತಬಿ ಒಬ್ಬಳೇ.

ತಾರೀಖಿಗೆ ಎರಡು ದಿನ ಇರುವಾಗ ಪುಷ್ಪಾವತಿಗೆ ಜ್ವರ ಬಂತು. ಅವಳ ಸಾಲಿಗೆ ಪಕ್ಕದ ಊರಿನ ಹೆಂಗಸೊಬ್ಬಳು ಬದಲಿಗೆ ಬಂದಳು. ಕೈ ಚೆನ್ನಾಗಿತ್ತು, ಬಾಯಿ ಇನ್ನೂ ಚೆನ್ನಾಗಿತ್ತು. ಬುತ್ತಿ ಬಿಚ್ಚಿ ಕೂತಾಗ ಮಂಗಳವ್ವನಿಗೆ ಪುಂಡಿಪಲ್ಯ ಕೊಡುತ್ತ ಅಂದಳು:

"ನೀನ ಏನ ಮಂಗಳವ್ವ ಅಂದ್ರ? ನಿನ್ನ ಹೆಸರು ನಮ್ಮ ಮಾಲಕ್ರ ಮನಿಯಾಗ ಬಾಳ ಕೇಳೇನಿ ನೋಡು."

"ನಿಮ್ಮ ಮಾಲಕ್ರು ಯಾರು?"

"ಪೊಲೀಸಪ್ಪಂದು ಹೊಲ. ನಿಮ್ಮೂರಿಗೆ ಬೀಟಿಗೆ ಬರ್ತಾನಲ್ಲ, ಅವಂದ. ಹೆಂಡ್ತಿ ಹೆಸರಿಲೆ ಪ್ಲಾಟ್ ಮಾಡ್ಯಾರ. ಇಲ್ಲಿ ಕೈ ಕಮ್ಮಿ ಬಿದ್ದಾಗ ಮನೋಹರ ಅಕಿಗೇ ಫೋನ್ ಹಚ್ಚತಾನ, ಅಕಿ ನಮ್ಮನ್ನ ಕಳಸ್ತಾಳ. ಫೋನ್ ಇಟ್ಟ ಕೂಡ್ಲೆ ಹಾಸಿಗಿ ಮ್ಯಾಲೆ ಕುಂತ ಅಂವ ಕೇಳತಾನ, ಯಾರು ಇಲ್ಲಂತ, ಎಲ್ಲಿ ಹೊಂಟಾರಂತ. ಇಂದ ಪುಷ್ಪಾವತಿ ಇಲ್ಲ ಅಂದದ್ದಕ್ಕ, ಹಾವೇರಿಗೇನು ಅಂತ ಎದ್ದ ಕುಂತ. ಜ್ವರಾ ಅಂದ ಮ್ಯಾಲೆ ಮಲಕ್ಕೊಂಡ." ಅವಳು ನಕ್ಕಳು. "ಪೊಲೀಸರಿಗೆ ಬೆಂಡಿಕಾಯಿದೂ ತನಿಖಿ."

ಮಂಗಳವ್ವ ಹಿಡಿದ ತುತ್ತನ್ನು ಬುತ್ತಿಯಲ್ಲೇ ಇಟ್ಟಳು. ನೀರು ಕುಡಿದಳು.

ಯಾರಿಗೂ ಹೇಳಿಲ್ಲ ಎಂದು ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು. ಹೊಲದಲ್ಲಿ ಕೈ ಎಷ್ಟು, ಯಾರದು ಎಂದು ಹೇಳುವುದು ಹೇಳಿದ ಲೆಕ್ಕಕ್ಕೆ ಬರುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅದು ಹಿಂಡಿ ಕಲೆಸುವುದು, ಕಸ ಹೊಡೆಯುವುದು ಇದ್ದ ಹಾಗೆ. ಹೂ ಕಾಯುತ್ತಿದೆ, ಕೈ ಬೇಕು, ಕೈಯ ಹೆಸರು ಹೇಳಬೇಕು. ಆ ಹೆಸರುಗಳನ್ನು ಬದುವಿನ ಮೇಲೆ ನಿಂತವನಿಗೆ, ಹೊಲಕ್ಕೆಲ್ಲ ಕೇಳುವ ಹಾಗೆ ಅವಳೇ ಒದರಿ ಹೇಳಿದ್ದಳು. ಎರಡು ಸಲ.

ಮುನಾಫನ ಮುಖದ ಮೇಲೆ ಹೋಗದೆ ನಿಂತಿದ್ದ ಆ ನಗು ನೆನಪಾಯಿತು. ಹುಮಾಗೆ ಈಗಲೇ ಫೋನು ಮಾಡಬೇಕು ಎಂದು ಸೊಂಟದಿಂದ ಫೋನು ತೆಗೆದಳು. ಮತ್ತೆ ಸಿಕ್ಕಿಸಿಕೊಂಡಳು. ತಾರೀಖು ಮುಗಿಯಲಿ, ಎಂದುಕೊಂಡಳು. ಈಗ ಹೇಳಿದರೆ ಅಲ್ಲಿ ಎಲ್ಲ ಕಲಕುತ್ತದೆ. ಅದು ಖರೆ ಕಾರಣವೋ, ನಾಚಿಕೆ ಹುಡುಕಿಕೊಟ್ಟ ಕಾರಣವೋ ಎಂದು ತೂಗಿ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ.

ಸಂಜೆ ಪುಷ್ಪಾವತಿಯ ಮನೆಗೆ ಹೋದಳು. ಅವಳು ಕಂಬಳಿ ಹೊದ್ದು ಕೂತಿದ್ದಳು, ಜ್ವರ ಇಳಿದಿತ್ತು.

"ನಾಡದು ಬಾ. ಈ ಸರ್ತಿ ಯಾರಿಗೂ ಗೊತ್ತಾಗಂಗಿಲ್ಲ."

"ಹ್ವಾದ ಸರ್ತಿನೂ ಹಂಗ ಅಂದಿ."

"ಈ ಸರ್ತಿ ಖಾತ್ರಿ ಐತಿ."

"ನಿನಗ ಹೆಂಗ ಖಾತ್ರಿ, ಮಂಗಳಕ್ಕ?" ಪುಷ್ಪಾವತಿ ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. "ಹೇಳೂರು ಯಾರು ಅಂತ ನಿನಗ ಗೊತ್ತೈತಿ ಅಂದಂಗಾತು. ಅಂವ ಮುನಾಫ ಹೋದ ಮ್ಯಾಲೆ ಇನ್ಯಾರು?"

"ಗೊತ್ತೈತಿ. ತಾರೀಖ ಮುಗದ ಮ್ಯಾಲೆ ಹೇಳ್ತೇನಿ."

ಪುಷ್ಪಾವತಿ ಕಂಬಳಿ ಸರಿಸಿದಳು. "ನಾಳೆ ಸಂಜಿಮುಂದ ಪೊಲೀಸಪ್ಪ ಬಂದ್ರ ನಾ ಬಾಗಿಲಾ ತಗಿಯಂಗಿಲ್ಲ. ನಿನಗೂ ತಗಿಯಂಗಿಲ್ಲ, ಅವತ್ತ ಅಷ್ಟಕ್ಕ ಅಲ್ಲ, ಕಾಯಂ."

"ಆತು."

ತಾರೀಖಿನ ಹಿಂದಿನ ಸಂಜೆ ಮೊಗ್ಗು ಕಿಕ್ಕಿರಿದಿದ್ದವು. ಈ ವರ್ಷ ಅಷ್ಟು ಮೊಗ್ಗು ಒಂದು ದಿನವೂ ಬಂದಿರಲಿಲ್ಲ. ಮನೋಹರ ಬದುವಿನ ಮೇಲೆ ಬೈಕು ನಿಲ್ಲಿಸಿದ.

"ನಾಳೆ ಕೈ?"

"ಯಾರೂ ಕಮ್ಮಿ ಇಲ್ಲ. ಎಲ್ಲಾರೂ ಬರ್ತೇವಿ."

"ಹಿಂಗಿರಬೇಕು ನೋಡ್ರಿ ಅಕ್ಕಾರ. ನಾಳೆ ಒಂದಿನಾ ತಪ್ಪಿತು ಅಂದ್ರ ವಾರದ ಬೀಜ ಹ್ವಾದಂಗ."

ಮಂಗಳವ್ವ ಟೋಪಿ ತೊಡಿಸುತ್ತಲೇ ಇದ್ದಳು. ನಾಳೆ ತನ್ನ ಸಾಲಿನಲ್ಲಿ ಯಾರೂ ಮುಟ್ಟದ ಹೂವಿಗೆ ಇಂದು ಅಷ್ಟೇ ಜತನದಿಂದ ಟೋಪಿ ತೊಡಿಸುವುದು ಅವಳ ಬೆರಳುಗಳಿಗೆ ಹಿಡಿಸಲಿಲ್ಲ. ಎರಡು ಮೂರು ಮೊಗ್ಗು ಮುರಿದವು. ಆ ಸಂಜೆ ಪೊಲೀಸಪ್ಪ ಬರಲಿಲ್ಲ. ನಾಯಿ ಬೊಗಳಿದಾಗಲೆಲ್ಲ ಅವಳು ಬಾಗಿಲಿಗೆ ಬಂದು ನೋಡಿದಳು. ಮೈಲಾರೆಪ್ಪ ಹಗ್ಗ ಹೊಸೆಯುತ್ತ ಅವಳನ್ನೇ ನೋಡುತ್ತಿದ್ದ.

ಮುಂಜಾನೆಯ ಬಸ್ಸಿಗೆ ಮಂಗಳವ್ವ, ದೌಲತಬಿ, ಪುಷ್ಪಾವತಿ ಇದ್ದರು. ಕೊನೆಯ ಗಳಿಗೆಯಲ್ಲಿ ಪುಷ್ಪಾವತಿಯ ಅತ್ತೆಯೂ ಸೊಂಟ ಹಿಡಿದುಕೊಂಡು ಹತ್ತಿದಳು. ಮೊದಲನೆಯ ಸಲದ ಸುಳ್ಳು ನೋವು ಈಗ ಖರೆ ಆಗಿತ್ತು.

ಸಾಹೇಬರ ಎದುರು ಸರಕಾರದ ಕಡೆಯವರು ಹೆಂಗಸರನ್ನು ನೋಡಿ ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡಿಕೊಂಡರು. ಮಂಗಳವ್ವನನ್ನು ಮೊದಲು ಕರೆದರು.

"ನಿಮ್ಮನ್ನ ಯಾರು ಕರಕೊಂಡು ಬಂದ್ರು?"

"ಬಸ್ಸು."

"ಇವನಿಗೆ ಹೆದರತೀರೋ ಇಲ್ಲೋ?"

"ಹೆದರತೇನ್ರಿ. ಅವನ ಟಂಟಂಗೆ ಬ್ರೇಕ್ ಬರೋಬರಿ ಇಲ್ಲ, ಹಳ್ಳ ಇಳಿಯೂಮುಂದ ಜೀವಾ ಕೈಯಾಗಿರತೈತಿ."

ಸಾಹೇಬರು ಕನ್ನಡಕ ತೆಗೆದರು. "ಅದಲ್ಲ ಅಮ್ಮಾ. ಮನುಷ್ಯನಿಗೆ?"

"ಮನಶ್ಯಾಗ ಇಲ್ರಿ. ಕತ್ತಲಾಗ ಹತ್ತಿ ಹೊಲಕ್ಕ ಹೋಗ್ತೇವಿ, ಅಂವ ಹಾಡ ಹಚ್ಚತಾನ. ಆ ಹಾಡ ಅಷ್ಟ ನನಗ ಸೇರಂಗಿಲ್ಲ. ಹೆದರಿಕಿ ಅಂದ್ರ, ಸಂಜಿಮುಂದ ಮನಿಗೆ ಬಂದು ನಾಳೆ ಎಲ್ಲಿ ಹೊಂಟಿ ಅಂತ ಕೇಳೂದೈತಲ್ರಿ, ಅದಕ್ಕ ಹೆದರತೇನಿ. ನಾಕು ಮಂದಿ ಬಂದೇವಿ. ಇದಕ್ಕ ಮದಲ ಎರಡ ಸರ್ತಿ ಎಲ್ಲಾರೂ ಯಾಕ ಬರಲಿಲ್ಲ ಅಂದ್ರ ಅದಕ್ಕ."

ಹುಮಾ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು; ಪೆನ್ನು ನಿಂತದ್ದು ಮಂಗಳವ್ವನಿಗೆ ಕಂಡಿತು. ಉಳಿದ ಇಬ್ಬರೂ ಇಲ್ಲ, ಹೆದರಿಕೆ ಇಲ್ಲ, ಎಂದು ಹೇಳಿದರು. ಪುಷ್ಪಾವತಿಯ ಅತ್ತೆ ಕೂತೇ ಹೇಳಿದಳು.

ಸಂಜೆ ಹೊಲಕ್ಕೆ ಬಂದಾಗ ನಾಲ್ವರ ಸಾಲುಗಳ ಉದ್ದಕ್ಕೂ ಕೆಂಪು ಟೋಪಿಗಳು ಬಾಡಿದ ಹೂವಿನ ಸಮೇತ ಮಣ್ಣಿನಲ್ಲಿ ಬಿದ್ದಿದ್ದವು. ಮನೋಹರ ಬದುವಿನ ಮೇಲೆ ನಿಂತಿದ್ದ. "ಒಂದು ಫೋನ್ ಮಾಡಿದ್ರ ಕೈ ಕಳಿಸತಿದ್ನೆಲ್ಲ ಅಕ್ಕಾರ," ಅಂದ. ಸಿಟ್ಟಿಗಿಂತ ಹೆಚ್ಚು ಅವನಿಗೆ ಅರ್ಥವಾಗದ ಸಂಕಟವಿತ್ತು. ಮಂಗಳವ್ವ ಬಗ್ಗಿ ಒಂದು ಟೋಪಿ ಎತ್ತಿಕೊಂಡಳು. ಅವನಲ್ಲಿ ಕಪಟವಿದೆಯೇ ಎಂದು ಮುಖ ಹುಡುಕಿದಳು. ಹೂವಿನ ಚಿಂತೆ ಬಿಟ್ಟು ಬೇರೆ ಏನೂ ಕಾಣಲಿಲ್ಲ. ಕಾಣದಿದ್ದದ್ದನ್ನು ಈಗ ನಂಬುವುದು ಹೇಗೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಹುಮಾ ಫೋನು ಮಾಡಿದಳು. ಗಡಿಪಾರನ್ನು ಕೈಬಿಟ್ಟಿದ್ದರು. ದೌಲತಬಿ ಓಡಿ ಬಂದು ಮಂಗಳವ್ವನ ಎರಡೂ ಕೈ ಹಿಡಿದಳು. ಬೆಂಡಿಯ ತುರಿಕೆಯ ಸುಂಕು ಹತ್ತಿ ಇಬ್ಬರ ಕೈಗಳೂ ಬಾತಿದ್ದವು.

"ನಿನ್ನ ಹೊಲ ಹಾಳಾದ್ದು ನನ್ನ ಸಲುವಾಗಿ. ಎಷ್ಟು ದಿನದ ಮುಯ್ಯಿ ಹೇಳು, ತೀರಸ್ತೇನಿ."

"ನಿನ್ನ ಜೋಡಿ ಮುಯ್ಯಿ ಏನಿಲ್ಲ," ಅಂದಳು ಮಂಗಳವ್ವ. "ನಂದು ಬ್ಯಾರೆ ಕಡೆ ಐತಿ." ಪೊಲೀಸಪ್ಪನ ಹೆಂಡತಿಯ ಪ್ಲಾಟಿನ ಕಥೆ, ತಾನೇ ಹೆಸರು ಒದರಿದ್ದು, ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ದೌಲತಬಿಯ ಹಿಡಿತ ಸಡಿಲವಾಯಿತು.

ಹುಮಾಗೂ ಹೇಳಿದಳು, ಎದುರಿಗೆ ಹೋಗಿಯೇ. ಹುಮಾ ಕೂಡಲೇ ಮುನಾಫನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. "ನೀವು ಹೇಳಿದ್ರಿ ಸರಿ, ನಂಬಿದಾಕಿ ನಾನು," ಅಂದು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು.

ಮಂಗಳವ್ವ ಅಲ್ಲಿಂದ ರಾಣೆಬೆನ್ನೂರಿಗೆ ಹೋದಳು. ರೈಲು ನಿಲ್ದಾಣದ ಎದುರು ಆಟೋಗಳ ಸಾಲಿನಲ್ಲಿ ಮುನಾಫನದು ನಾಲ್ಕನೆಯದು. ಅವನು ಅವಳನ್ನು ನೋಡಿದ, ನೋಡದವನಂತೆ ಕನ್ನಡಿ ಒರೆಸಿದ. ಅವಳು ಆಟೋದ ಪಕ್ಕ ನಿಂತೇ ಎಲ್ಲ ಹೇಳಿದಳು: ಮನೋಹರನ ಫೋನು, ಪೊಲೀಸಪ್ಪನ ಹೆಂಡತಿಯ ಪ್ಲಾಟು, ತಾನು ಹೊಲದಲ್ಲಿ ಒದರಿದ ಹೆಸರುಗಳು.

"ತಪ್ಪು ನಂದು, ಮುನಾಫ. ನಿನ್ನ ಹೆಸರಿಗೆ ಹಚ್ಚಿದೆ."

ಮುನಾಫ ಬಟ್ಟೆ ಮಡಿಚಿ ಸೀಟಿನ ಕೆಳಗಿಟ್ಟ. ಅವಳ ಮುಖ ನೋಡಿದ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಅವಳ ಫೋನು ನೋಡಿದ.

"ಇದನ್ನ ನನ್ನ ಮುಂದ ಹೇಳಾಕ ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಕಳಿಸಿಲ್ಲ. ನಾನ ಬಂದೇನಿ."

"ಫೋನ್ ಬಂದ್ ಐತೇನು?"

ಅವಳು ಫೋನು ತೆಗೆದು ಅವನ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ.

"ನೀವು ಅನ್ನೂದು ಖರೇನೂ ಇರಬಹುದು," ಅಂದ. "ಅವತ್ತ ನಾ ಅಂದದ್ದೂ ಖರೇ ಇತ್ತು. ಈಗ ವಕೀಲರು ಮ್ಯಾಲಿಂದ ಮ್ಯಾಲೆ ಫೋನ್ ಹಚ್ಚಾಕತ್ತಾರ, ನೀವು ಇಲ್ಲೀತನಕ ಬಂದೀರಿ. ಹಿಂಗ್ಯಾಕ ಎಲ್ಲಾರೂ ಕೂಡೇ ಬರಾಕತ್ತಾರ ಅಂತ ನಾ ಕೇಳಬಾರದೇನು? ಮನಿಯಾಗ ಹೆಂಡ್ತಿ ಕೇಳ್ತಾಳ, ನೀ ಖರೇನ ಹೇಳಿರಲಿಲ್ಲೇನು ಅಂತ. ಅಕಿಗೆ ಯಾರು ಹೇಳಬೇಕು?"

"ನಾ ಬಂದು ಹೇಳ್ತೇನಿ. ಈಗ ನಡಿ."

"ಬ್ಯಾಡ್ರಿ. ಅಕಿ ನಿಮ್ಮನ್ನೂ ನಂಬಂಗಿಲ್ಲ."

ರೈಲು ಬಂದಿರಬೇಕು, ಜನ ಗುಂಪಾಗಿ ಹೊರಬಂದರು. ಚೀಲ ಹೊತ್ತ ಇಬ್ಬರು ಬಂದು ಮಂಗಳವ್ವನನ್ನು ಸರಿಸಿ ಹಿಂದಿನ ಸೀಟಿನಲ್ಲಿ ಕೂತು ಮಾರ್ಕೆಟ್ಟಿಗೆ ಬಿಡು ಅಂದರು. ಮುನಾಫ ಹ್ಯಾಂಡಲ್ ಹಿಡಿದ. ಹೊರಡುವ ಮುಂದೆ ಒಂದು ಗಳಿಗೆ ತಡೆದ. ಏನಾದರೂ ಅನ್ನುತ್ತಾನೆ ಎಂದು ಅವಳು ಬಗ್ಗಿದಳು.

"ಕರ್ಜಗಿ ಬಸ್ಸು ಹಾವೇರಿಯಾಗ ಐದೂವರೀಗೆ ಕಡೀದು. ಲಗೂ ಹೊಂಡ್ರಿ," ಅಂದು ಗಾಡಿ ಬಿಟ್ಟ.

ಆಟೋ ತಿರುವಿನಲ್ಲಿ ಮರೆಯಾಗುವ ತನಕ ಮಂಗಳವ್ವ ನಿಂತಿದ್ದಳು. ಸಾಲಿನಲ್ಲಿ ಹಿಂದಿನ ಆಟೋದವನು ಮುಂದೆ ಬಂದು, "ಎಲ್ಲಿಗ್ರಿ ಅವ್ವಾರ, ಕುಂದರ್ರಿ," ಅಂದ. ಅವಳು ತಲೆಯಾಡಿಸಿ, ಬಸ್ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು.